ದಿನದಿನದ ದಯೆ

ನಮ್ಮ ವಾಚನಾಲಯದಲ್ಲಿ ಕಿಟಕಿಯ ಬದಿಯ ಮೂರನೆಯ ಕುರ್ಚಿಯಲ್ಲಿ ಒಬ್ಬರು ದಿನಾಲು ಸಂಜೆ ಬಂದು ಕೂಡುತ್ತಿದ್ದರು. ಏಳೂವರೆಗೆ ಬರುವರು, ಎಂಟೂಮುಕ್ಕಾಲಿಗೆ ಏಳುವರು. ಊರ ಕಡೆಯಿಂದ ಒಂದು ದಿನ ತಡವಾಗಿ ಬರುವ ಪತ್ರಿಕೆಯನ್ನು ತೆರೆದು ಮೊದಲು ಕಲಬುರಗಿಯ ಪೇಟೆಯಲ್ಲಿ ತೊಗರಿಯ ಧಾರಣೆ ಎಷ್ಟೆಂದು ನೋಡುವರು, ಆಮೇಲೆ ಮಳೆಯ ಸುದ್ದಿ, ಆಮೇಲೆ ಉಳಿದದ್ದು. ಹೋಗುವಾಗ ಪತ್ರಿಕೆಯನ್ನು ಮಡಿಚಿ, ಅಂಚು ಸರಿಮಾಡಿ, ಇದ್ದ ಜಾಗದಲ್ಲಿಯೇ ಇಡುವರು. ಹೀಗೆ ಮೂರು ವರ್ಷ ನಡೆಯಿತು. ಹೋದ ಶ್ರಾವಣದಲ್ಲಿ ಆ ಕುರ್ಚಿ ಬರಿದಾಯಿತು. ಒಂಬತ್ತು ದಿನ ಬರಿದಾಗಿಯೇ ಇತ್ತು. ಆ ಒಂಬತ್ತು ದಿನವೂ ನಾವೆಲ್ಲ ಅದೇ ಕೋಣೆಯಲ್ಲಿ, ಅದೇ ದೀಪದ ಕೆಳಗೆ ಕುಳಿತು ಓದಿದೆವು. ಒಬ್ಬರಿಗೂ ಏನೂ ತೋಚಲಿಲ್ಲ.

ಹತ್ತನೆಯ ದಿನ ಕೆಳಗಿನ ಚಹಾದಂಗಡಿಯ ಹುಡುಗ ಹೇಳಿದ ಮೇಲೆ ತಿಳಿಯಿತು. ಆ ಗೃಹಸ್ಥರು ಬೋಪೋಡಿಯ ತಮ್ಮ ಖೋಲಿಯಲ್ಲಿ ಕಾಮಾಲೆಯಾಗಿ ಮಲಗಿಬಿಟ್ಟಿದ್ದರು. ಜೊತೆಗಿದ್ದ ಇಬ್ಬರೂ ಹಬ್ಬಕ್ಕೆಂದು ಊರಿಗೆ ಹೋಗಿದ್ದರು. ಮಗ್ಗುಲ ಖೋಲಿಯ ಮರಾಠಿ ಹೆಣ್ಣುಮಗಳೊಬ್ಬಳು ವಾಂತಿಯ ಸದ್ದು ಕೇಳಿ, ಬಾಗಿಲು ತಳ್ಳಿ ನೋಡಿ, ಗಂಡನನ್ನು ಕರೆದು, ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಸೇರಿಸಿದ್ದಳು. ಇನ್ನೆರಡು ದಿನ ಕಳೆದಿದ್ದರೆ ಕಷ್ಟವಿತ್ತೆಂದು ಡಾಕ್ಟರರು ಹೇಳಿದರಂತೆ.

ನಾವು ಮೂವರು ನೋಡಲು ಹೋದೆವು. ಹಾಸಿಗೆಯ ತಲೆದೆಸೆಗೆ ತೂಗುಹಾಕಿದ್ದ ಕಾಗದವನ್ನು ಓದಿಯೇ ಅವರ ಹೆಸರು ನಮಗೆ ತಿಳಿದದ್ದು. ಸುರಪುರದ ಕಡೆಯವರು. ನಮ್ಮಲ್ಲೊಬ್ಬರು ಮಾತಿಗೆಂದು, “ಕಾಕಾ, ಒಂದು ಮಾತು ಯಾರ ಕೂಡರ ಹೇಳಿ ಕಳಸಬಾರದಾಗಿತ್ತೇನ್ರಿ? ನಾವೆಲ್ಲಾ ಇದ್ದಿವಲ್ಲ” ಎಂದರು. ಅವರು ಸಿಟ್ಟು ಮಾಡಲಿಲ್ಲ, ಮೆಲ್ಲಗೆ ನಕ್ಕರು.

“ಯಾರ ಹೆಸರ ಹಿಡದು ಹೇಳಿ ಕಳಸಲಿ, ತಮ್ಮಾ? ನಿಮ್ಮ ಒಬ್ಬರ ಹೆಸರೂ ನನಗ ಗೊತ್ತಿಲ್ಲಲ್ಲ.”

ಈ ತಿಂಗಳ ಪಾಠಕ್ಕೆ ಬೇರೆ ವಿಷಯವನ್ನು ಗೊತ್ತುಮಾಡಿದ್ದೆವು. ಆ ಮಾತು ಕೇಳಿದ ಮೇಲೆ ಅದನ್ನು ಬದಿಗಿಟ್ಟು ಇದನ್ನು ಬರೆಯುತ್ತಿದ್ದೇವೆ.

ಹಾಗಾದರೆ ನಾವು ನಿರ್ದಯರೆ? ಹಾಗೆಂದು ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಪಂಚಗಂಗೆಯೂ ಉಕ್ಕಿ ಸಾಂಗಲಿ, ಕೊಲ್ಹಾಪುರ, ಬೆಳಗಾವಿ, ಬಾಗಲಕೋಟೆಯ ಕಡೆಯ ಊರುಗಳೆಲ್ಲ ನೀರಿನಲ್ಲಿ ನಿಂತಾಗ ಇದೇ ವಾಚನಾಲಯದ ಮೆಟ್ಟಿಲ ಮೇಲೆ ಹೊದಿಕೆಗಳ ಗಂಟು ಬಿದ್ದಿದ್ದವು. ಪಗಾರದಲ್ಲಿ ಒಂದು ದಿನದ್ದನ್ನು ಬಿಟ್ಟುಕೊಟ್ಟವರು ನಮ್ಮಲ್ಲಿದ್ದಾರೆ. ದಯೆಯನ್ನು ಕುರಿತ ಬಸವಣ್ಣನವರ ವಚನವು ಬಾಯಿಪಾಠವಿಲ್ಲದವರು ನಮ್ಮೊಳಗೆ ಯಾರೂ ಇರಲಾರರು. ಅದನ್ನು ಅಚ್ಚುಹಾಕಿದ ಕ್ಯಾಲೆಂಡರು ನಮ್ಮ ಗೋಡೆಯ ಮೇಲೆಯೇ ಇದೆ. ಸರಿಯಾಗಿ ಹೇಳಬೇಕೆಂದರೆ, ಆ ಮೂರನೆಯ ಕುರ್ಚಿಯ ನೆತ್ತಿಯ ಮೇಲೆ ಇದೆ. ವಚನವನ್ನು ದಿನಾಲು ಓದಿದೆವು; ಅದರ ಕೆಳಗೆ ಕುಳಿತವರನ್ನು ನೋಡಲಿಲ್ಲ.

ಇದರಿಂದ ತಿಳಿಯುವುದೇನೆಂದರೆ, ದಯೆ ಬರುವುದು ಬೇರೆ, ದಯೆ ಇರುವುದು ಬೇರೆ. ನೆರೆ ಬಂದಾಗ, ಬೆಂಕಿ ಬಿದ್ದಾಗ, ಚಿಕ್ಕ ಕೂಸಿನ ಚಿತ್ರ ಕಂಡಾಗ ದಯೆ ಬರುತ್ತದೆ. ಅದು ಮಳೆಗಾಲದ ಹಳ್ಳದ ನೀರು. ಸೊಂಟಮಟ ಏರುತ್ತದೆ, ಮೂರು ದಿನಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಕುಡಿಯಲು ಸಿಕ್ಕುವುದು ಬಾವಿಯ ನೀರು. ಬಾವಿಯನ್ನು ಯಾರಾದರೂ ತೋಡಿರಬೇಕು, ವರ್ಷ ವರ್ಷ ಹೂಳು ತೆಗೆದಿರಬೇಕು.

ಈ ತೋಡುವ ಕೆಲಸಕ್ಕೆ ನಮ್ಮ ಹಿಂದಿನವರು ಒಂದು ಹೆಸರಿಟ್ಟಿದ್ದರು: ‘ಭಾವನೆ’. ಇಂದು ನಾವು ಕನ್ನಡದಲ್ಲಿ ಭಾವನೆಯೆಂದರೆ ಮನಸ್ಸಿನಲ್ಲಿ ತಾನಾಗಿ ಏಳುವ ಅಲೆಯೆಂದು ತಿಳಿಯುತ್ತೇವೆ. ಬೌದ್ಧರ ಪಾಳಿ ಗ್ರಂಥಗಳಲ್ಲಿ ಆ ಮಾತಿಗೆ ‘ಉಂಟಾಗುವಂತೆ ಮಾಡುವುದು’, ‘ಬೆಳೆಸುವುದು’ ಎಂದರ್ಥ. ಇದೇ ಅರ್ಥದ ನೆರಳು ಇಂದಿಗೂ ವೈದ್ಯರ ಮನೆಯಲ್ಲಿ ಉಳಿದಿದೆ. ಆಯುರ್ವೇದದ ಔಷಧ ಮಾಡುವವರನ್ನು ಕೇಳಿ ನೋಡಿರಿ. ಚೂರ್ಣಕ್ಕೆ ‘ಭಾವನೆ ಕೊಡುವುದು’ ಎನ್ನುತ್ತಾರೆ. ನೆಲ್ಲಿಯ ರಸವೋ, ಶುಂಠಿಯ ರಸವೋ, ಹಾಕಿ ಕಲ್ಲಿನಲ್ಲಿ ಅರೆಯುವುದು, ಒಣಗಿಸುವುದು, ಮತ್ತೆ ರಸ ಹಾಕಿ ಅರೆಯುವುದು, ಮತ್ತೆ ಒಣಗಿಸುವುದು. ಏಳು ಸಲ ಹೀಗೆ ಮಾಡುವುದುಂಟು. ಒಂದೇ ಸಲಕ್ಕೆ ಏಳು ಪಟ್ಟು ರಸವನ್ನು ಸುರಿದುಬಿಟ್ಟರೆ ಆಗದೆ? ಆಗದು. ಮೇಲೆ ಹರಿದು ಹೋಗುತ್ತದೆ. ಚೂರ್ಣದೊಳಗೆ ರಸ ಇಳಿಯಬೇಕಾದರೆ ಸ್ವಲ್ಪ ಸ್ವಲ್ಪವೇ, ಹೆಚ್ಚು ಸಲ ಕೊಡಬೇಕು. ನೆರೆ ಬಂದಾಗ ನಾವು ಕೊಟ್ಟದ್ದು ಒಂದೇ ಸಲ ಸುರಿದ ರಸ.

ಮನಸ್ಸಿಗೆ ಹೀಗೆ ಭಾವನೆ ಕೊಡುವ ಕ್ರಮವನ್ನು ಮೂರು ದಾರಿಯ ಹಿರಿಯರೂ ಹೇಳಿರುವರು. ಪತಂಜಲಿಯ ಯೋಗಸೂತ್ರದ ಮೊದಲ ಪಾದದ 33ನೆಯ ಸೂತ್ರದಲ್ಲಿ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ ನಾಲ್ಕು ಬರುತ್ತವೆ. ಜೈನರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಇವೇ ನಾಲ್ಕು ಸ್ವಲ್ಪ ಬೇರೆ ಹೆಸರಿನಿಂದ ಬರುತ್ತವೆ. ಬೌದ್ಧರು ಇವನ್ನು ಬ್ರಹ್ಮವಿಹಾರಗಳೆಂದರು. ಸುಖಿಗಳೊಡನೆ ಗೆಳೆತನ, ದುಃಖಿಗಳಲ್ಲಿ ಮರುಕ, ಒಳ್ಳೆಯದನ್ನು ಮಾಡುವವರನ್ನು ಕಂಡು ಸಂತೋಷ, ಕೆಟ್ಟವರ ವಿಷಯದಲ್ಲಿ ತಲೆ ಕೆಡಿಸಿಕೊಳ್ಳದಿರುವುದು: ಸ್ಥೂಲವಾಗಿ ಇಷ್ಟು. ಇಲ್ಲೊಂದು ತಮಾಷೆಯುಂಟು. ಆ ಗ್ರಂಥಗಳಲ್ಲಿ ‘ಉಪೇಕ್ಷೆ’ಯೆಂದರೆ ಸಮಚಿತ್ತ, ತಕ್ಕಡಿಯಂತೆ ನೆಟ್ಟಗಿರುವ ಮನಸ್ಸು. ನಮ್ಮ ಕನ್ನಡದಲ್ಲಿ ಉಪೇಕ್ಷೆಯೆಂದರೆ ಲಕ್ಷ್ಯಕ್ಕೆ ತಾರದಿರುವುದು. ನಾಲ್ಕರಲ್ಲಿ ಇದೊಂದನ್ನು ಮಾತ್ರ, ಅದೂ ಕನ್ನಡದ ಅರ್ಥದಲ್ಲಿ, ನಾವು ಒಂಬತ್ತು ದಿನ ಚಾಚೂ ತಪ್ಪದೆ ಪಾಲಿಸಿದೆವು!

ಹೆಸರು ಹೇಳಿದವರು ಹಲವರು. ದಿನಾಲು ಹೇಗೆ ಮಾಡಬೇಕೆಂಬುದನ್ನು ಬಿಡಿಸಿ ಬರೆದವರಲ್ಲಿ ಬುದ್ಧಘೋಷನೆಂಬ ಆಚಾರ್ಯ ಮುಖ್ಯನು. ಕ್ರಿ.ಶ. 5ನೆಯ ಶತಮಾನದಲ್ಲಿ ಸಿಂಹಳದಲ್ಲಿ ಕುಳಿತು ‘ವಿಸುದ್ಧಿಮಗ್ಗ’ವೆಂಬ ಗ್ರಂಥವನ್ನು ಬರೆದನು. ಅವನು ಸನ್ಯಾಸಿಗಳಿಗಾಗಿ ಬರೆದದ್ದಾದರೂ ಅವನ ಕ್ರಮ ನಮ್ಮಂತಹ ಕೂಲಿಕಾರರಿಗೂ ಕಾರಕೂನರಿಗೂ ಒಗ್ಗುವಂತಹದು. ಮೈತ್ರಿಯನ್ನು ಬೆಳೆಸುವವನು ಮೊದಲು ತನ್ನಿಂದಲೇ ಆರಂಭಿಸಬೇಕು: ನಾನು ಸುಖವಾಗಿರಲಿ, ಕ್ಷೇಮವಾಗಿರಲಿ ಎಂದು. ಆಮೇಲೆ ತನಗೆ ಪ್ರಿಯರೂ ಪೂಜ್ಯರೂ ಆದವರು. ಆಮೇಲೆ ಪ್ರಿಯನೂ ಅಲ್ಲದ ಅಪ್ರಿಯನೂ ಅಲ್ಲದ ಮಧ್ಯಸ್ಥನು. ಎಲ್ಲಕ್ಕೂ ಕೊನೆಗೆ ವೈರಿ.

ತನ್ನಿಂದ ಏಕೆ ಆರಂಭ? ಅದು ಸ್ವಾರ್ಥವಲ್ಲವೆ? ಅಲ್ಲ, ನನಗೆ ಹೇಗೆ ನೋವು ಬೇಡವೋ ಹಾಗೆಯೇ ಅವನಿಗೂ ಬೇಡ ಎಂಬ ಅಳತೆಗೋಲು ಮೊದಲು ಕೈಗೆ ಬರಬೇಕು. ಊರು ಬಿಟ್ಟು ಬಂದವರಿಗೆ ಈ ಮೊದಲ ಮೆಟ್ಟಿಲೇ ಕಷ್ಟದ್ದು. ಪಗಾರವಾದ ದಿನವೇ ಊರಿಗೆ ಹಣ ಕಳಿಸಿ, ಉಳಿದದ್ದರಲ್ಲಿ ಒಪ್ಪತ್ತು ವಡಾಪಾವಿನ ಮೇಲೆ ಕಳೆಯುವವರು ನಮ್ಮಲ್ಲಿ ಎಷ್ಟು ಜನರಿಲ್ಲ! ಫೋನಿನಲ್ಲಿ ತಾಯಿ “ಉಂಡಿಯೇನೋ?” ಎಂದರೆ “ಹೂಂ ಯವ್ವಾ, ಈಗರs ಉಂಡೆ” ಎನ್ನುವೆವು. ತನ್ನ ಹೊಟ್ಟೆಗೆ ಸುಳ್ಳು ಹೇಳಿದವನು ಮಂದಿಯ ಹಸಿವನ್ನೂ ಕಾಣದಾಗುತ್ತಾನೆ. ನಾವೇ ತಡಕೊಂಡೆವು, ಅವನೂ ತಡಕೊಳ್ಳಲಿ ಎಂಬ ಗಡಸು ಬರುತ್ತದೆ. ಆದುದರಿಂದ ಹೊತ್ತಿಗೆ ಉಣ್ಣುವುದೂ ದಯೆಯ ಅಭ್ಯಾಸದ ಭಾಗವೆಂದೇ ಹೇಳತಕ್ಕದ್ದು.

ಪ್ರಿಯರ ವಿಷಯವನ್ನು ಬೇರೆ ಹೇಳಬೇಕಿಲ್ಲ. ನಾವು ಇಲ್ಲಿರುವುದೇ ಅವರಿಗಾಗಿ.

ನಮ್ಮ ಪಾಠವಿರುವುದು ಮೂರನೆಯವನಲ್ಲಿ, ಆ ಮಧ್ಯಸ್ಥನಲ್ಲಿ. ಬುದ್ಧಘೋಷನ ಕಾಲದಲ್ಲಿ ಒಂದು ಹಳ್ಳಿಯಲ್ಲಿ ಪ್ರಿಯನೂ ಅಲ್ಲದ ಅಪ್ರಿಯನೂ ಅಲ್ಲದ ಮನುಷ್ಯನನ್ನು ಹುಡುಕಿ ತೆಗೆಯಬೇಕಾಗುತ್ತಿತ್ತೋ ಏನೋ. ಹಳ್ಳಿಯಲ್ಲಿ ಪ್ರತಿಯೊಬ್ಬನೂ ಕಾಕನೋ, ಮಾವನೋ, ಬದುವಿನ ಜಗಳದವನೋ ಆಗಿರುತ್ತಾನೆ. ಪಟ್ಟಣದಲ್ಲಿ ಹುಡುಕಬೇಕಾಗಿಲ್ಲ, ಎಲ್ಲರೂ ಅವರೇ. ಅದರಲ್ಲಿಯೂ ಈ ಖಡಕಿ ಮೊದಲಿನಿಂದಲೂ ಹೊರಗಿನವರಿಂದಲೇ ಬೆಳೆದ ಜಾಗ. 1817ರ ನವಂಬರ 5ರಂದು ಪೇಶವೆಯ ಸೈನ್ಯಕ್ಕೂ ಇಂಗ್ಲಿಷರಿಗೂ ಇಲ್ಲಿ ಯುದ್ಧವಾದ ಮೇಲೆ ದಂಡಿನ ಠಾಣೆ ಬಂತು. 1869ರಲ್ಲಿ ಮದ್ದುಗುಂಡಿನ ಕಾರಖಾನೆ ಬಂತು. ಸ್ಯಾಪರ್ಸ್ ದಳದವರು ನೆಲೆನಿಂತರು. ಸಿಪಾಯಿ, ಕಾರಕೂನ, ಲೋಹಾರ, ಅಡಿಗೆಯವನು, ಯಾರೂ ಇಲ್ಲಿಯವರಲ್ಲ. ತಮಿಳರು, ತೆಲುಗರು, ನಾವು, ಉತ್ತರದವರು, ಎಲ್ಲರೂ ಒಂದೊಂದು ಪೆಟ್ಟಿಗೆ ಹಿಡಿದು ಸ್ಟೇಶನ್ನಿನಲ್ಲಿ ಇಳಿದವರೇ. ಇಲ್ಲಿ ನಾವು ದಿನಕ್ಕೆ ನೂರು ಮುಖಗಳನ್ನು ನೋಡುತ್ತೇವೆ, ಒಂದೂ ನಮ್ಮದಲ್ಲ. ಆ ನೂರು ಜನರ ಕಣ್ಣಿನಲ್ಲಿ ನಾವೂ ಅಂತಹ ಒಂದು ಮುಖವೇ. ಸಂಸ್ಕೃತದಲ್ಲಿ ಇಂತಹ ಮನುಷ್ಯನಿಗೆ ‘ಉದಾಸೀನ’ನೆಂಬ ಹೆಸರೂ ಇದೆ. ಈ ಮಾತೂ ಕನ್ನಡಕ್ಕೆ ಬಂದು ಅರ್ಥ ಬದಲಿಸಿತು. ಅವನು ಉದಾಸೀನ, ನಮ್ಮದು ಉದಾಸೀನ!

ವೈರಿಯನ್ನು ಕೊನೆಗೆ ಇಟ್ಟದ್ದೂ ಜಾಣತನವೇ. ನಿನ್ನೆ ಬೈದ ಮುಕಾದಮನ ಮೇಲೆ ಇಂದು ಬೆಳಿಗ್ಗೆಯೇ ದಯೆ ತಂದುಕೊಳ್ಳುತ್ತೇನೆಂದು ಹೊರಟರೆ ಹಲ್ಲು ಕಡಿಯುವುದಷ್ಟೇ ಆಗುತ್ತದೆ. ತಾಲೀಮಿನ ಮೊದಲ ದಿನವೇ ದೊಡ್ಡ ಕಲ್ಲುಗುಂಡನ್ನು ಎತ್ತಲು ಹೋಗಬಾರದು.

ಇನ್ನೊಂದು ಮಾತನ್ನೂ ಆ ಗ್ರಂಥದಿಂದ ತೆಗೆದುಕೊಳ್ಳೋಣ. ಪ್ರತಿಯೊಂದು ಗುಣಕ್ಕೂ ದೂರದ ವೈರಿಯೊಂದು, ಹತ್ತಿರದ ವೈರಿಯೊಂದು ಇರುತ್ತವೆಂದು ಅದರಲ್ಲಿ ಹೇಳಿದೆ. ಕರುಣೆಯ ದೂರದ ವೈರಿ ಕ್ರೌರ್ಯ. ಅದನ್ನು ಯಾರೂ ಗುರುತಿಸಬಲ್ಲರು. ಹತ್ತಿರದ ವೈರಿ ಯಾವುದು? ಶೋಕ! ಮರುಗುತ್ತ ಕೂಡುವುದು ಕರುಣೆಯ ಹಾಗೆಯೇ ಕಾಣುವುದರಿಂದ ಮೋಸಹೋಗುತ್ತೇವೆ. ಕೈಯಲ್ಲಿಯ ಫೋನಿನಲ್ಲಿ ಎಲ್ಲಿಯದೋ ಗೋಳಿನ ಚಿತ್ರವನ್ನು ನೋಡಿ, ಲೊಚಗುಟ್ಟಿ, ನಾಲ್ಕು ಜನರಿಗೆ ಕಳಿಸಿ, ಕಣ್ಣೊರಸಿಕೊಂಡು ಮಲಗಿದರೆ ಮನಸ್ಸಿಗೆ ಏನೋ ಒಳ್ಳೆಯದು ಮಾಡಿದ ಸಮಾಧಾನವಾಗುತ್ತದೆ. ಆ ಚಿತ್ರದಲ್ಲಿಯವರಿಗೆ ಏನೂ ಆಗಿರುವುದಿಲ್ಲ. ಮಗ್ಗುಲ ಖೋಲಿಯವನಿಗೂ ಏನೂ ಆಗಿರುವುದಿಲ್ಲ.

ಹಾಗಾದರೆ ಮರುಕವಿಲ್ಲದೆ ದಯೆ ನಡೆಯಬಲ್ಲುದೆ? ಈ ಪ್ರಶ್ನೆಗೆ ಉತ್ತರ ನಮ್ಮ ಖಡಕಿಯಲ್ಲಿಯೇ ಇದೆ.

ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ, ಕೆಲವರಿಗೆ ಕುತ್ತಿಗೆಯ ಕೆಳಗೆ, ಸ್ವಾಧೀನ ತಪ್ಪಿದ ಸೈನಿಕರಿಗಾಗಿ ಇಲ್ಲಿ 1974ರಿಂದ ಒಂದು ಪುನರ್ವಸತಿ ಕೇಂದ್ರ ನಡೆದಿದೆ. ಗಾಲಿಕುರ್ಚಿಯ ಮೇಲೆ ಹೋಗುವ ಅಲ್ಲಿಯ ನಿವಾಸಿಗಳನ್ನು ನಮ್ಮಲ್ಲಿ ಹಲವರು ನೋಡಿರಬಹುದು. ಇಂತಹ ಪೆಟ್ಟು ಬಿದ್ದವರನ್ನು ನೋಡಿಕೊಳ್ಳುವ ವಿಧಾನದಲ್ಲಿ ಎಲ್ಲಕ್ಕೂ ಮುಖ್ಯವಾದುದು ತೀರ ಸಣ್ಣ ಕೆಲಸ: ಮಗ್ಗುಲು ಬದಲಿಸುವುದು. ನಾವು ನೀವು ನಿದ್ದೆಯಲ್ಲಿ ಎಷ್ಟೋ ಸಲ ಹೊರಳುತ್ತೇವೆ. ಬೆಳಿಗ್ಗೆ ಅದರ ನೆನಪಿರುವುದಿಲ್ಲ. ಎಲುಬಿಗೂ ಹಾಸಿಗೆಗೂ ನಡುವೆ ಚರ್ಮ ಒತ್ತಿಹೋದರೆ ಅಲ್ಲಿ ರಕ್ತ ಆಡುವುದಿಲ್ಲ. ಆಗ ಉರಿಯುತ್ತದೆ, ನಿದ್ದೆಯಲ್ಲಿಯೇ ಮೈ ತಾನಾಗಿ ಸರಿಯುತ್ತದೆ. ಬೆನ್ನುಹುರಿ ಕಡಿದವನಿಗೆ ಆ ಉರಿ ತಿಳಿಯದು, ಸರಿಯುವ ಶಕ್ತಿಯೂ ಇಲ್ಲ. ಚರ್ಮ ಸಾಯುತ್ತದೆ, ಹುಣ್ಣಾಗುತ್ತದೆ, ನಂಜು ಒಳಗಿಳಿಯುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಇಂತಹ ಪೆಟ್ಟು ತಿಂದವರಲ್ಲಿ ಬಹುಪಾಲು ಜನ ಸತ್ತದ್ದು ಗುಂಡಿನಿಂದಲ್ಲ, ಹಾಸಿಗೆಯ ಹುಣ್ಣಿನಿಂದ ಮತ್ತು ಮೂತ್ರಕೋಶದ ನಂಜಿನಿಂದ.

ಹಿಟ್ಲರನ ಕಾಟಕ್ಕೆ ಜರ್ಮನಿಯನ್ನು ಬಿಟ್ಟು 1939ರಲ್ಲಿ ಇಂಗ್ಲೆಂಡಿಗೆ ಬಂದ ಲುಡ್ವಿಗ್ ಗುಟ್ಮನ್ ಎಂಬ ಯೆಹೂದಿ ಡಾಕ್ಟರರು 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ಲಿನ ಆಸ್ಪತ್ರೆಯಲ್ಲಿ ಬೆನ್ನುಹುರಿಯ ರೋಗಿಗಳ ವಿಭಾಗವನ್ನು ವಹಿಸಿಕೊಂಡರು. ಅವರು ತಂದ ಕಟ್ಟಳೆಗಳಲ್ಲಿ ಮೊದಲನೆಯದು, ಹಗಲಿರಲಿ ಇರುಳಿರಲಿ, ಎರಡು ತಾಸಿಗೊಮ್ಮೆ ಪ್ರತಿಯೊಬ್ಬ ರೋಗಿಯ ಮಗ್ಗುಲನ್ನು ಬದಲಿಸಬೇಕೆಂಬುದು. ನಡುರಾತ್ರಿಯಲ್ಲಿ ತಾವೇ ವಾರ್ಡಿಗೆ ಬಂದು ನಡೆದಿದೆಯೋ ಇಲ್ಲವೋ ಎಂದು ನೋಡುತ್ತಿದ್ದರು. ಸಾಯಲೆಂದು ಮೂಲೆಗಿಟ್ಟಿದ್ದ ಜನ ಬದುಕಿದರು. ಬದುಕಿದ್ದಲ್ಲದೆ 1948ರ ಜುಲೈ 29ರಂದು, ಲಂಡನ್ನಿನಲ್ಲಿ ಒಲಿಂಪಿಕ್ ಆಟ ಆರಂಭವಾದ ದಿನವೇ, ಅವರಲ್ಲಿ 16 ಜನ ಗಾಲಿಕುರ್ಚಿಯಲ್ಲಿ ಕುಳಿತು ಬಾಣ ಬಿಡುವ ಪಂದ್ಯವಾಡಿದರು. ಇಂದಿನ ಪ್ಯಾರಾಲಿಂಪಿಕ್ ಆಟಗಳ ಬೇರು ಅಲ್ಲಿದೆ. ಮುಂದೆ 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ 50 ಮೀಟರಿನ ಈಜಿನಲ್ಲಿ ಭಾರತಕ್ಕೆ ಆ ಆಟಗಳ ಮೊದಲ ಚಿನ್ನವನ್ನು ತಂದವರು ನಮ್ಮ ನೆರೆಯ ಸಾಂಗಲಿ ಜಿಲ್ಲೆಯ ಮುರಳೀಕಾಂತ ಪೇಟಕರ, 1965ರ ಯುದ್ಧದಲ್ಲಿ ಗುಂಡು ತಿಂದ ಸಿಪಾಯಿ.

ಇರುಳು ಎರಡು ಗಂಟೆಗೆ ಎದ್ದು ರೋಗಿಯನ್ನು ಹೊರಳಿಸುವ ಪರಿಚಾರಕನ ಮನಸ್ಸಿನಲ್ಲಿ ಆಗ ಏನಿರುತ್ತದೆ? ನಿದ್ದೆ ಇರುತ್ತದೆ. ತನ್ನ ಮನೆಯ ಚಿಂತೆ ಇರಬಹುದು. ಮರುಕದ ಅಲೆಯೇನೂ ಎದ್ದಿರುವುದಿಲ್ಲ. ಅವನು ಆ ಅಲೆಗಾಗಿ ಕಾಯುತ್ತ ಕುಳಿತರೆ ರೋಗಿಯ ಬೆನ್ನು ಕೊಳೆಯುತ್ತದೆ. ಗಡಿಯಾರ ಎರಡು ಹೊಡೆಯಿತು, ಎದ್ದನು, ಹೊರಳಿಸಿದನು, ದಿಂಬು ಸರಿಮಾಡಿದನು. ಇದಕ್ಕೆ ದಯೆಯೆನ್ನಬೇಕೋ ಬರಿಯ ಕೆಲಸವೆನ್ನಬೇಕೋ? ಹಾಸಿಗೆಯಲ್ಲಿರುವವನನ್ನು ಕೇಳಿದರೆ ಉತ್ತರ ಸಿಕ್ಕೀತು. ಇಂದು ರೋಗಿಯ ಸ್ಥಿತಿಯನ್ನೂ ಹಾಸಿಗೆಯ ಬಗೆಯನ್ನೂ ನೋಡಿ ಡಾಕ್ಟರರು ಈ ಅವಧಿಯನ್ನು ಹೆಚ್ಚು ಕಡಿಮೆ ಮಾಡುವುದುಂಟು. ಆದರೆ ಅವಧಿಯಿಲ್ಲದೆ, ಮನಸ್ಸು ಬಂದಾಗ ಹೊರಳಿಸೋಣವೆಂದು ಯಾವ ಡಾಕ್ಟರರೂ ಹೇಳುವುದಿಲ್ಲ.

ನಮ್ಮ ಅನುಭವ ಹೇಳುವುದೇನೆಂದರೆ, ಮೊದಲು ಕೈ ರೂಢಿಗೆ ಬೀಳುತ್ತದೆ. ಮನಸ್ಸು ಹಿಂದಿನಿಂದ ಬರುತ್ತದೆ. ನಾವು ಇದನ್ನು ತಲೆಕೆಳಗಾಗಿ ತಿಳಿದು, ಮನಸ್ಸು ಕರಗಲಿ, ಆಮೇಲೆ ಕೈ ಎತ್ತೋಣವೆಂದು ಕೂತಿರುತ್ತೇವೆ.

ಖಡಕಿಯಿಂದ ಹೋಳ್ಕರ ಸೇತುವೆಯನ್ನು ದಾಟಿ ಆಚೆಗೆ ಹೋದರೆ ಯರವಡಾ. ಅಲ್ಲಿಯ ಜೈಲಿನಲ್ಲಿ ಗಾಂಧೀಜಿಯವರು ಹಲವು ಸಲ ಇದ್ದರು. ಅಲ್ಲಿ ಅವರ ಸಹಬಂದಿಯಾಗಿದ್ದವರಲ್ಲಿ ಪರಚುರೆ ಶಾಸ್ತ್ರಿಗಳೆಂಬ ಸಂಸ್ಕೃತ ಪಂಡಿತರೊಬ್ಬರು. ಅವರಿಗೆ ಕುಷ್ಠರೋಗ ತಗಲಿತು. ಆ ಕಾಲದಲ್ಲಿ ಅದಕ್ಕೆ ತಕ್ಕ ಔಷಧವಿರಲಿಲ್ಲ. ಜನ ಹತ್ತಿರ ಸೇರಿಸುತ್ತಿರಲಿಲ್ಲ. ಕೆಲವು ವರ್ಷಗಳ ಮೇಲೆ ಅವರು ಸೇವಾಗ್ರಾಮಕ್ಕೆ ಬಂದರು. ಗಾಂಧೀಜಿಯವರು ಅವರನ್ನು ಆಶ್ರಮದಲ್ಲಿಯೇ ಇರಿಸಿಕೊಂಡು, ಅವರ ಮೈಗೆ ತಾವೇ ಕೈಯಿಂದ ಎಣ್ಣೆ ತಿಕ್ಕುತ್ತಿದ್ದರು. ದೇಶದ ದೊಡ್ಡ ದೊಡ್ಡ ಮಾತುಕತೆಗಳು ನಡೆದಿದ್ದ ಕಾಲವದು. ಆ ಸಡಗರದಲ್ಲಿಯೂ ಎಣ್ಣೆಯ ಹೊತ್ತು ತಪ್ಪದಂತೆ ನೋಡಿಕೊಂಡರು. ಒಂದು ದಿನ ಕುಷ್ಠರೋಗಿಯನ್ನು ಮುಟ್ಟಿ ಚಿತ್ರ ತೆಗೆಸಿಕೊಳ್ಳುವುದು ಯಾರಿಗೂ ಆದೀತು. ಮಾರನೆಯ ದಿನವೂ ಅದೇ ಹೊತ್ತಿಗೆ ಬಟ್ಟಲು ಹಿಡಿದು ಬರುವುದು ಬೇರೆ.

ಸಾವಿತ್ರಿಬಾಯಿ ಫುಲೆಯವರ ಕೊನೆಯನ್ನು ಎಲ್ಲರೂ ಕೇಳಿದ್ದೇವೆ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿದಾಗ ಮುಂಢವೆಯಿಂದ ಬೇನೆ ತಗಲಿದ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ಮಗನ ಆಸ್ಪತ್ರೆಗೆ ತಂದರು. ತಮಗೂ ಬೇನೆ ತಗಲಿ ಮಾರ್ಚ 10ರಂದು ತೀರಿಕೊಂಡರು. ಅದನ್ನು ಕೇಳಿ ಎಂತಹ ಧೈರ್ಯವೆಂದು ಬೆರಗಾಗುತ್ತೇವೆ. ಆದರೆ ಅದರ ಹಿಂದಿನದನ್ನೂ ನೋಡಬೇಕು. 1868ರಲ್ಲಿ ಗಂಡಹೆಂಡಿರಿಬ್ಬರೂ ತಮ್ಮ ಮನೆಯ ನೀರನ್ನು, ಊರ ಬಾವಿಗಳ ಬಳಿ ಬರಗೊಡದಿದ್ದ ಜನರಿಗೆ ತೆರೆದಿಟ್ಟರು. ನೀರನ್ನು ತೆರೆದಿಟ್ಟರೆ ಒಂದು ದಿನಕ್ಕೆ ಮುಗಿಯುವುದಿಲ್ಲ. ನಾಳೆ ಬೆಳಿಗ್ಗೆಯೂ ಜನ ಬರುತ್ತಾರೆ, ನಾಡಿದ್ದೂ ಬರುತ್ತಾರೆ; ಅಂಗಳ ಕೆಸರಾಗುತ್ತದೆ, ನೆಂಟರು ಮುಖ ತಿರುವುತ್ತಾರೆ. ಇಪ್ಪತ್ತೊಂಬತ್ತು ವರ್ಷ ಹಾಗೆ ಬಾಳಿದ ಬೆನ್ನಿಗೆ ಆ ಹುಡುಗ ಭಾರವಾಗಿರಲಿಕ್ಕಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ದಾರಿಯ ಬದಿಗೆ ಅರವಟ್ಟಿಗೆ ಇಡುವುದೂ ಇದೇ ಜಾತಿಯ ಕೆಲಸ. ಬಂದವನ ಊರು ಕೇರಿ ಕೇಳದೆ ನೀರು ಹೊಯ್ಯುವುದು, ಮಡಕೆ ಬರಿದಾಗದಂತೆ ದಿನಾಲು ತುಂಬುವುದು.

ಇಷ್ಟು ಓದಿದ ಮೇಲೆ ವಾಚಕರು ಕೇಳಬಹುದು: ನಾವು ದಿನಕ್ಕೆ ಹನ್ನೆರಡು ತಾಸು ದುಡಿಯುವವರು. ಗಾಂಧೀಜಿಯವರ ಮಾತನ್ನು ನಮಗೇಕೆ ಹೇಳುವಿರಿ? ನಮ್ಮಿಂದ ಏನಾದೀತು? ನ್ಯಾಯವಾದ ಪ್ರಶ್ನೆ. ಪಾಳಿ ಮುಗಿಸಿ ಬಂದವನಿಗೆ ಕಣ್ಣು ತೆರೆಯುವುದೇ ಕಷ್ಟವಾಗಿರುವಾಗ ದಯೆಯ ಪಾಠ ಹೇಳುವುದು ಗಾಯದ ಮೇಲೆ ಉಪ್ಪಾದೀತು. ಆದುದರಿಂದ ಹೊಸದಾಗಿ ಹೊತ್ತು ಬೇಡದ ಒಂದೆರಡನ್ನಷ್ಟೇ ಹೇಳುತ್ತೇವೆ.

ಖಡಕಿಯಲ್ಲಿ ಲೋಕಲ್ ಗಾಡಿ ಹತ್ತಿ ಶಿವಾಜಿನಗರದಲ್ಲಿ ಇಳಿಯುವವರು ನಮ್ಮಲ್ಲಿ ಹಲವರಿದ್ದಾರೆ. ಐದಾರು ನಿಮಿಷದ ದಾರಿ. ಆ ಹೊತ್ತಿನಲ್ಲಿ ಎದುರಿಗೆ ಕುಳಿತ, ಅಥವಾ ನಮ್ಮ ಕಾಲು ತುಳಿದು ನಿಂತ, ಒಬ್ಬ ಅಪರಿಚಿತನನ್ನು ಒಂದು ನಿಮಿಷ ನೋಡಿರಿ, ದಿಟ್ಟಿಸಬೇಡಿರಿ, ಜಗಳವಾದೀತು. ಇವನಿಗೂ ಒಂದು ಮನೆಯಿದೆ, ಸಾಲವಿದೆ, ಇವನೂ ಯಾರಿಗೋ “ಉಂಡೆ” ಎಂದು ಸುಳ್ಳು ಹೇಳಿ ಬಂದಿರಬಹುದು. ಇವನ ಈ ದಿನ ಸುಖವಾಗಿ ಕಳೆಯಲಿ ಎಂದು ಮನಸ್ಸಿನಲ್ಲಿಯೇ ಅಂದುಕೊಳ್ಳಿರಿ. ಇದರಿಂದ ಅವನಿಗೇನು ಬಂತೆಂದು ನಗಬಾರದು. ಇದು ಅವನಿಗೆ ಕೊಟ್ಟದ್ದಲ್ಲ, ನಮ್ಮ ಕಣ್ಣಿಗೆ ಕೊಟ್ಟ ಭಾವನೆ. ಹದಿನೈದು ದಿನ ಮಾಡಿದರೆ ಒಂದು ಬದಲಾವಣೆ ಕಾಣುತ್ತದೆ: ಮುಖಗಳು ಒಂದೊಂದೂ ಬೇರೆಯಾಗಿ ಕಾಣತೊಡಗುತ್ತವೆ.

ಎರಡನೆಯದು, ಹೆಸರು. ದಿನಾಲು ಕಾಣುವ, ಆದರೆ ಹೆಸರು ತಿಳಿಯದ, ಒಬ್ಬರ ಹೆಸರನ್ನು ವಾರಕ್ಕೊಮ್ಮೆಯಾದರೂ ಕೇಳಿ ತಿಳಿಯುವುದು. ಇದನ್ನು ಹಚ್ಚಿಕೊಂಡ ಮೊದಲ ವಾರದಲ್ಲಿಯೇ ನಮಗೆ ತಲೆ ತಗ್ಗಿಸುವಂತಾಯಿತು. ನಮ್ಮ ವಾಚನಾಲಯದ ಕಸ ಗುಡಿಸುವವರನ್ನು ಎಲ್ಲರೂ ‘ಮಾವಶಿ’ಯೆಂದು ಕರೆಯುತ್ತ, ಬಂದಷ್ಟು ಮರಾಠಿಯಲ್ಲಿ ಮಾತಾಡುತ್ತಿದ್ದೆವು. “ಮಾವಶಿ, ತುಮಚ ಗಾವ ಕುಠಲ?” ಎಂದು ನಮ್ಮ ಮುರುಕು ಮರಾಠಿಯಲ್ಲಿ ಕೇಳಿದರೆ, ಅವರು ಕಸಬರಿಗೆ ಬಿಟ್ಟು ನೆಟ್ಟಗೆ ನಿಂತು, “ಅಕ್ಕಲಕೋಟ ರೀ. ನಾವು ಮನ್ಯಾಗ ಕನ್ನಡನs ಮಾತಾಡ್ತೀವಿ” ಎಂದರು. ಕನ್ನಡದ ಸೇವೆಗೆಂದು ಇರುವ ಕೋಣೆಯನ್ನು ಗುಡಿಸುತ್ತಿದ್ದ ಕನ್ನಡದ ತಾಯಿಯೊಡನೆ ನಾವು ಎರಡು ವರ್ಷ ತಪ್ಪು ಮರಾಠಿಯಲ್ಲಿ ಮಾತಾಡಿದ್ದೆವು! “ಮೊದಲs ಯಾಕ ಹೇಳಲಿಲ್ಲಬೇ ಅಕ್ಕಾ?” ಎಂದರೆ, “ಯಾರೂ ಕೇಳಲಿಲ್ಲಲ್ಲ” ಎಂದರು.

ಮೂರನೆಯದೊಂದನ್ನು ಎಚ್ಚರಿಕೆಯಾಗಿ ಹೇಳಬೇಕು. ದಯೆಯೆಂದರೆ ಕೈಗಡ ಕೊಡುವುದೆಂದು ಕೆಲವರು ತಿಳಿದು ಹೆದರುತ್ತಾರೆ. ಊರಿನವನೆಂದು ನಂಬಿ ಕೊಟ್ಟು ಕಳೆದುಕೊಂಡವರ ಹೆದರಿಕೆ ಸುಳ್ಳಲ್ಲ. ಕೊಡಲಾಗದಿದ್ದರೆ ಆಗುವುದಿಲ್ಲವೆಂದು ಮುಖ ನೋಡಿ ಹೇಳಬೇಕು. ಮುಖ ತಪ್ಪಿಸಿ ತಿರುಗಬಾರದು. ಆಸ್ಪತ್ರೆಗೆ ಜೊತೆಗೆ ಹೋಗಿ ಸಾಲಿನಲ್ಲಿ ನಿಲ್ಲುವುದು, ಓದು ಬಾರದವನ ಅರ್ಜಿ ತುಂಬಿಕೊಡುವುದು, ಇವಕ್ಕೆ ದುಡ್ಡು ಬೇಕಾಗಿಲ್ಲ. ಕಾರಕೂನ ಬಂಧುಗಳಿಗೆ ಇದು ಮುಖ್ಯವಾಗಿ ಅನ್ವಯಿಸುತ್ತದೆ. ಅವರು ಹತ್ತು ನಿಮಿಷದಲ್ಲಿ ಬರೆದುಕೊಡುವ ಒಂದು ಅರ್ಜಿಗಾಗಿ ಕಟ್ಟಡ ಕೆಲಸದ ಹುಡುಗನೊಬ್ಬ ಒಂದು ದಿನದ ಕೂಲಿಯನ್ನು ಕಳೆದುಕೊಳ್ಳುವುದನ್ನು ನಾವು ಕಂಡಿದ್ದೇವೆ.

ಮೂರನೆಯ ಕುರ್ಚಿಯ ಕಾಕಾ ಗುಣವಾಗಿ ಬಂದ ಮೇಲೆ ವಾಚನಾಲಯದಲ್ಲಿ ಒಂದು ವಹಿಯನ್ನು ಇಟ್ಟೆವು. ಬರುವವರು ಒಮ್ಮೆ ಹೆಸರು, ಊರು, ಇರುವ ಖೋಲಿಯ ಠಿಕಾಣಿ, ಹೊತ್ತಿಗೆ ಸುದ್ದಿ ಮುಟ್ಟಿಸಬೇಕಾದವರ ಫೋನು ಬರೆದಿಡುವುದು. ದಿನಾಲು ಬಂದಾಗ ಒಂದು ಗೀಟು ಹಾಕುವುದು. ಬಾಗಿಲು ಹಾಕುವ ಮುನ್ನ ಒಬ್ಬರು ವಹಿ ತೆರೆದು, ರೂಢಿಯಾಗಿ ಬರುವವರು ಎರಡು ದಿನ ಬಾರದಿದ್ದರೆ ಫೋನು ಮಾಡುವುದು, ಎತ್ತದಿದ್ದರೆ ಹೋಗಿ ನೋಡುವುದು. ಮೊದಲ ತಿಂಗಳು ಉತ್ಸಾಹದಿಂದ ನಡೆಯಿತು. ದೀಪಾವಳಿಯ ವಾರದಲ್ಲಿ ಯಾರೂ ತೆರೆಯಲಿಲ್ಲ. ಕೆಲವರು “ನಮ್ಮ ಠಿಕಾಣಿ ನಿಮಗ್ಯಾಕ?” ಎಂದು ಸಂಶಯಪಟ್ಟರು, ಅವರದೂ ತಪ್ಪಲ್ಲ, ಬರೆಯಲೇಬೇಕೆಂಬ ಕಡ್ಡಾಯವಿಲ್ಲ. ಮತ್ತೆ ಕಾರ್ತಿಕದಿಂದ ಸರದಿ ಹಾಕಿಕೊಂಡು ನಡೆಸಿದೆವು. ಈಗ ಒಂದೂ ದಿನ ತಪ್ಪಿಲ್ಲವೆಂದು ಹೇಳಿದರೆ ಸುಳ್ಳಾದೀತು.

ಹೋದ ವಾರ ನಮಗೇ ಕೆಮ್ಮು ಜ್ವರ ಬಂದು ಎರಡು ದಿನ ವಾಚನಾಲಯದ ಕಡೆಗೆ ಹೋಗಿರಲಿಲ್ಲ, ಫೋನೂ ಆರಿಹೋಗಿತ್ತು. ಮೂರನೆಯ ದಿನ ರಾತ್ರಿ ಒಂಬತ್ತೂವರೆಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕಾಕಾ ನಿಂತಿದ್ದರು. ಕೈಯಲ್ಲಿ ಅರ್ಧ ಕಿಲೋ ಮೋಸಂಬಿ. ಮೂರು ಮಹಡಿ ಹತ್ತಿ ಉಸಿರು ಮೇಲೆಕೆಳಗಾಗಿತ್ತು. ಮೊದಲು ಬೇರೆಯವರ ಮನೆಯ ಕದ ತಟ್ಟಿ ಬೈಸಿಕೊಂಡೂ ಬಂದಿದ್ದರು.

“ಇವತ್ತ ವಹಿ ನೋಡೋ ಪಾಳಿ ನಂದಿತ್ತು” ಎಂದರು. “ನಿಮ್ಮ ಅಕ್ಷರ ಭಾಳ ಕೆಟ್ಟ ಅದ ನೋಡ್ರಿ. ಮನಿ ನಂಬರ ಮೂರೋ ಎಂಟೋ ತಿಳೀಲೇ ಇಲ್ಲ.”